ಬೀರು ಒಳಗೆ ಕೂತು ತೆಗೆದ ಶಾಟ್

ನಾನು ಛಾಯಾಗ್ರಾಹಕ, ಚಿಕ್ಕ ಕ್ಯಾಮೆರಾದಲ್ಲಿ ಸಿನಿಮಾ ತೆಗೆಯೋದರ ಬಗ್ಗೆ ಮಾತಾಡ್ತೀನಿ. ಈಗ ಸ್ಕ್ರೀನ್ ಮೇಲೆ ಓಡ್ತಿರೋ ಶಾಟ್ ನೋಡಿ. ಒಬ್ಬ ಹೆಂಗಸು ಬೀರುವಿನಿಂದ ಬಟ್ಟೆ ತೆಗೆದು ತೆಗೆದು ಮಂಚದ ಮೇಲಿರೋ ಸೂಟ್‌ಕೇಸ್‌ಗೆ ತುಂಬ್ತಿದ್ದಾಳೆ. ಮಾತಿಲ್ಲ, ಕಟ್ ಇಲ್ಲ, ನಾಲ್ಕು ನಿಮಿಷ. ಇದನ್ನ ತೆಗೆಯುವಾಗ ನಾನು ಎಲ್ಲಿದ್ದೆ ಹೇಳಿ? ಅದೇ ಬೀರು ಒಳಗೆ. ಬಾಗಿಲು ಬಿಚ್ಚಿಟ್ಟು, ಕೆಳಗಿನ ಹಲಗೆ ತೆಗೆದು, ಮಂಡಿ ಗದ್ದಕ್ಕೆ ತಾಗೋ ಹಾಗೆ ಮುದುಡ್ಕೊಂಡು ಕೂತಿದ್ದೆ. ತಲೆ ಮೇಲೆ ಹ್ಯಾಂಗರ್‌ಗಳು. ಎದೆಗೆ ಒತ್ತಿ ಹಿಡಿದ ಕ್ಯಾಮೆರಾ. ಆಕೆ ಪ್ರತಿಸಲ ಕೈ ಚಾಚಿದಾಗ ಬಳೆ ಲೆನ್ಸ್ ಪಕ್ಕದಲ್ಲೇ ಹಾದು ಹೋಗ್ತಿತ್ತು.

ದೊಡ್ಡ ಸಿನಿಮಾ ಕ್ಯಾಮೆರಾದಲ್ಲಿ ಈ ಶಾಟ್ ಆಗ್ತಿರ್ಲಿಲ್ಲ. ಬೀರುವಿನ ಹಿಂದಿನ ಹಲಗೆ ಕತ್ತರಿಸಿ, ಅದನ್ನ ಗೋಡೆಯಿಂದ ಮುಂದಕ್ಕೆಳೆದು ಮಾಡಬಹುದಿತ್ತೇನೋ. ನಮ್ಮ ಹತ್ರ ಇದ್ದಿದ್ದು ಬೇರೆಯವರ ಮನೆ, ಬೇರೆಯವರ ಬೀರು, ಒಂದೇ ಒಂದು ಮಧ್ಯಾಹ್ನ.

ನನ್ನ ಕ್ಯಾಮೆರಾದ ಬಾಡಿ ಅಂಗೈಯಲ್ಲಿ ಹಿಡಿಸುತ್ತೆ. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಮುಂದೆ ಅದನ್ನ ಬೈಯೋದಿದೆ.

ಮೊದಲು ನನ್ನ ದಡ್ಡತನ ಹೇಳ್ಬಿಡ್ತೀನಿ. ಇದನ್ನ ಹಿಡ್ಕೊಂಡು ಮೊದಲನೇ ಸಿನಿಮಾ ಸೆಟ್‌ಗೆ ಹೋದಾಗ ನಟರೊಬ್ಬರು ನೋಡಿ, "ಇಷ್ಟೇನಾ ಕ್ಯಾಮೆರಾ?" ಅಂದ್ರು. ತಮಾಷೆಗೇ ಅಂದಿದ್ದು. ನಂಗೆ ಚುರುಕ್ ಅಂತು. ಮಾರನೇ ದಿನ ಕೇಜ್ ಅನ್ನೋ ಲೋಹದ ಚೌಕಟ್ಟು ಬಂತು, ರಾಡ್ ಬಂತು, ಲೆನ್ಸ್‌ಗೆ ಬಿಸಿಲು ಬೀಳದ ಹಾಗೆ ಮ್ಯಾಟ್ ಬಾಕ್ಸ್, ಫೋಕಸ್ ತಿರುಗಿಸೋಕೆ ಫಾಲೋ ಫೋಕಸ್, ಏಳಿಂಚಿನ ಮಾನಿಟರ್, ಹಿಂದೆ ಇಟ್ಟಿಗೆ ಗಾತ್ರದ ಬ್ಯಾಟರಿ. ಕ್ಯಾಮೆರಾ ಎಲ್ಲಿದೆ ಅಂತ ಹುಡುಕಬೇಕು, ಹಾಗಾಯ್ತು. ನೋಡೋಕೆ ಗತ್ತು ಬಂತು, ನಿಜ. ಮೂರನೇ ದಿನ ಬಾತ್‌ರೂಮ್ ಸೀನ್. ನಾನು ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡು ಆ ಕಡೆ ಈ ಕಡೆ ತಿರುಗ್ತಿದ್ದಾಗ ಡೈರೆಕ್ಟರ್ ನಿಧಾನವಾಗಿ ಕೇಳಿದ್ರು: "ಇಷ್ಟೆಲ್ಲ ಹೊರೋದಾದ್ರೆ ದೊಡ್ಡ ಕ್ಯಾಮೆರಾನೇ ಬಾಡಿಗೆಗೆ ತರ್ಬೋದಿತ್ತಲ್ವಾ ಸಾರ್?"

ಅವತ್ತು ಸಂಜೆ ಕೂತು ಒಂದೊಂದೇ ಬಿಚ್ಚಿದೆ. ಆದ್ರೆ ಪೂರ್ತಿ ಬಿಚ್ಚೋಕೂ ಆಗಲ್ಲ, ಅದೇ ತಮಾಷೆ. ಬರೀ ಬಾಡಿ ಕೈಯಲ್ಲಿ ಹಿಡಿದು ಶೂಟ್ ಮಾಡಿ ನೋಡಿ, ಫ್ರೇಮ್ ಸೊಳ್ಳೆ ಥರ ನಡುಗುತ್ತೆ. ಹೆಗಲ ಮೇಲೆ ಹೊತ್ತ ಭಾರದ ಕ್ಯಾಮೆರಾ ನಿಮ್ಮ ಮೈ ಜೊತೆ ತೂಗುತ್ತೆ, ಆ ತೂಗಾಟ ಕಣ್ಣಿಗೆ ಹಿತ. ಹಗುರ ಕ್ಯಾಮೆರಾ ನಿಮ್ಮ ನಾಡಿಮಿಡಿತವನ್ನೂ ಬಿಡದೆ ದಾಖಲು ಮಾಡುತ್ತೆ. ಜಡತ್ವ ಅಂತ ಶಾಲೆಯಲ್ಲಿ ಓದಿದ್ವಲ್ಲ, ಅದೇ ಇಲ್ಲಿ ಇಲ್ಲದೇ ಇರೋದು. ಹಾಗಾಗಿ ನಂಗೆ ಭಾರ ಬೇಕು, ಗಾತ್ರ ಬೇಡ. ಈಗ ಕ್ಯಾಮೆರಾ ಅಡಿಗೆ ಒಂದು ದಪ್ಪ ಲೋಹದ ಪ್ಲೇಟ್, ಹಿಂದೆ ಬ್ಯಾಟರಿ, ಸ್ಕ್ರೀನ್ ನೋಡೋವಾಗ ಕಣ್ಣಿಗೊತ್ತಿಕೊಳ್ಳೋಕೆ ಒಂದು ಲೂಪ್, ಅಂದ್ರೆ ಭೂತಗನ್ನಡಿ. ಎರಡು ಕೈ, ಒಂದು ಹುಬ್ಬು, ಮೂರು ಕಡೆ ಆಧಾರ. ಅಷ್ಟೇ.

ಬಾಡಿ ಅಲುಗಾಡಿದ್ರೂ ಚಿತ್ರ ಅಲುಗಾಡದ ಹಾಗೆ, ಬೆಳಕನ್ನ ಚಿತ್ರ ಮಾಡೋ ಸೆನ್ಸರನ್ನೇ ತೇಲಿಸೋ ಸ್ಟೆಬಿಲೈಸೇಷನ್ ಈಗಿನ ಕ್ಯಾಮೆರಾಗಳಲ್ಲಿ ಇದೆಯಲ್ಲ ಅಂತ ನೀವು ಕೇಳ್ಬಹುದು. ಇದೆ. ವೈಡ್ ಲೆನ್ಸ್ ಹಾಕ್ಕೊಂಡು ನಡೆದ್ರೆ ಫ್ರೇಮ್‌ನ ಮೂಲೆಗಳು ಜೆಲ್ಲಿ ಥರ ಅಲ್ಲಾಡ್ತವೆ. ನಿಂತ ಶಾಟ್‌ಗೆ ಆನ್ ಮಾಡ್ತೀನಿ, ನಡೆಯೋ ಶಾಟ್‌ಗೆ ಆಫ್.

ಸೆನ್ಸರ್ ವಿಷಯಕ್ಕೆ ಬರ್ತೀನಿ, ಇಲ್ಲೇ ಜಾಸ್ತಿ ಜಗಳ ಆಗೋದು. ನನ್ನ ಕ್ಯಾಮೆರಾದ ಸೆನ್ಸರ್ ಸೂಪರ್ 16 ಅಳತೆ, ಅಗಲ ಸುಮಾರು 12.5 ಮಿಲಿಮೀಟರ್. ಈ ಅಳತೆ ಡಿಜಿಟಲ್‌ನವರು ಕಂಡುಹಿಡಿದಿದ್ದಲ್ಲ. ಸ್ವೀಡನ್‌ನ ಛಾಯಾಗ್ರಾಹಕ ರೂನೆ ಎರಿಕ್‌ಸನ್ 1960ರ ದಶಕದ ಕೊನೇಲಿ, 16 ಎಂ.ಎಂ. ಫಿಲ್ಮ್‌ನಲ್ಲಿ ಸೌಂಡ್‌ಟ್ರ್ಯಾಕ್‌ಗೆ ಅಂತ ಬಿಡ್ತಿದ್ದ ಜಾಗವನ್ನೂ ಚಿತ್ರಕ್ಕೇ ಬಳಸ್ಕೊಂಡು ರೂಪಿಸಿದ್ದು. ದುಡ್ಡಿಲ್ಲದವರು 16ರಲ್ಲಿ ತೆಗೆದು, ಆಮೇಲೆ 35ಕ್ಕೆ ಹಿಗ್ಗಿಸಿ ಥಿಯೇಟರ್‌ಗೆ ಕೊಡ್ಲಿ ಅಂತ. ಅಂದ್ರೆ ನಮ್ಮಂಥವರಿಗೆ ಅಂತಲೇ ಹುಟ್ಟಿದ ಅಳತೆ.

ಫುಲ್ ಫ್ರೇಮ್ ಅನ್ನೋ ದೊಡ್ಡ ಸೆನ್ಸರ್ ಇಲ್ದಿದ್ರೆ ಸಿನಿಮಾನೇ ಅಲ್ಲ ಅನ್ನೋ ಹುಡುಗರು ಇದ್ದಾರೆ. ಹಿನ್ನೆಲೆ ಬೆಣ್ಣೆ ಥರ ಕರಗಬೇಕು ಅವರಿಗೆ. ಸರಿ, ಬೀರು ಶಾಟ್‌ಗೆ ವಾಪಸ್ ಬನ್ನಿ. ಅಲ್ಲಿ ಫೋಕಸ್ ಪುಲ್ಲರ್, ಅಂದ್ರೆ ಫೋಕಸ್ ತಿರುಗಿಸೋ ಸಹಾಯಕ, ಎಲ್ಲಿ ಕೂರ್ತಾನೆ? ನಾನು 12 ಎಂ.ಎಂ. ಲೆನ್ಸ್ ಹಾಕಿದ್ದೆ, ಈ ಸೆನ್ಸರ್ ಮೇಲೆ ಅದು ಫುಲ್ ಫ್ರೇಮ್‌ನ 35 ಎಂ.ಎಂ.ನಷ್ಟು ಅಗಲ ಕಾಣುತ್ತೆ. ಎಫ್ 4, ಅಂದ್ರೆ ಲೆನ್ಸ್ ಕಿಂಡಿಯ ಅಳತೆ, ಅಂಕಿ ಏರಿದಷ್ಟೂ ಕಿಂಡಿ ಕಿರಿದು. ಫೋಕಸ್ ಎರಡೂವರೆ ಮೀಟರ್‌ಗೆ ಇಟ್ಟೆ. ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ ಒಂದೂಕಾಲು ಮೀಟರ್‌ನಿಂದ ಆಚೆಗೆಲ್ಲ ಶಾರ್ಪ್. ಮಂಚ, ಸೂಟ್‌ಕೇಸ್, ಕಿಟಕಿ, ಆಕೆ ಮುಖ, ಎಲ್ಲ. ಲೆನ್ಸ್ ಹತ್ರ ಬರೋ ಕೈ ಮಾತ್ರ ಮಸುಕು, ಅದು ಮಸುಕಾಗೇ ಇರ್ಬೇಕಿತ್ತು. ನಾಲ್ಕು ನಿಮಿಷ ನಾನು ಫೋಕಸ್ ರಿಂಗ್ ಮುಟ್ಟಲೇ ಇಲ್ಲ. ಸಣ್ಣ ಸೆನ್ಸರ್ ನಂಗೆ ಒಬ್ಬ ಸಹಾಯಕನ ಕೆಲಸ ಮಾಡಿಕೊಡ್ತು.

ಇನ್ನು ಬೈಗುಳ. ಹೊರಾಂಗಣ.

ಈ ಕ್ಯಾಮೆರಾಗೆ ಒಗ್ಗೋ ಐಎಸ್‌ಒ, ಅಂದ್ರೆ ಬೆಳಕಿಗೆ ಅದರ ಸೂಕ್ಷ್ಮತೆಯ ಅಳತೆ, 800. ಸುಡು ಬಿಸಿಲಲ್ಲಿ ಲೆಕ್ಕ ಹಾಕಿ. ಎಫ್ 16ಕ್ಕೆ ಶಟರ್ 800ನೇ ಒಂದು ಭಾಗ ಸೆಕೆಂಡ್ ಬೇಕು. ಆದ್ರೆ ಚಲನೆ ಕಣ್ಣಿಗೆ ಸಹಜವಾಗಿ ಕಾಣಬೇಕು ಅಂದ್ರೆ ಶಟರ್ 50ನೇ ಒಂದು ಭಾಗದ ಆಸುಪಾಸು. ಅಲ್ಲಿಗೆ ನಾಲ್ಕು ಸ್ಟಾಪ್ ಬೆಳಕು ಜಾಸ್ತಿ, ಒಂದೊಂದು ಸ್ಟಾಪ್‌ಗೂ ಬೆಳಕು ಎರಡರಷ್ಟು. ಎಫ್ 16 ಬೇಡ, 4 ಬೇಕು ಅಂದ್ರೆ ಇನ್ನೂ ನಾಲ್ಕು. ಒಟ್ಟು ಎಂಟು ಸ್ಟಾಪ್ ತಡೀಬೇಕು, ಅಂದ್ರೆ ಬರೋ ಬೆಳಕಿನ 256ರಲ್ಲಿ ಒಂದು ಪಾಲು ಮಾತ್ರ ಒಳಗೆ. ದೊಡ್ಡ ಕ್ಯಾಮೆರಾಗಳಲ್ಲಿ ಬೆಳಕು ತಗ್ಗಿಸೋ ಎನ್‌ಡಿ ಫಿಲ್ಟರ್ ಒಳಗೇ ಇರೋದುಂಟು, ಗುಂಡಿ ಒತ್ತಿದ್ರೆ ಮುಗೀತು. ನನ್ನದರಲ್ಲಿ ಇಲ್ಲ. ಲೆನ್ಸ್ ಮುಂದೆ ಕಪ್ಪು ಗಾಜು ತಿರುಗಿಸ್ತಾ ಕೂರ್ಬೇಕು.

ಎರಡನೇ ಸಿನಿಮಾದಲ್ಲಿ ನಾಯಕನಿಗೆ ಕಪ್ಪು ಕೋಟು. ಮೊದಲ ದಿನ ಇಡೀ ಬಯಲಲ್ಲಿ ಶೂಟಿಂಗ್. ಸಂಜೆ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದ್ರೆ ಕೋಟು ಕಂದು ಬಣ್ಣ. ಡೈರೆಕ್ಟರ್ ನನ್ನ ಮುಖ ನೋಡಿದ್ರು. ಕಾಸ್ಟ್ಯೂಮ್ ಹುಡುಗಿ ಕೋಟನ್ನೇ ತಂದು ಪಕ್ಕದಲ್ಲಿ ಹಿಡಿದಳು. ಕೈಯಲ್ಲಿರೋದು ಅಪ್ಪಟ ಕಪ್ಪು, ಪರದೆ ಮೇಲಿರೋದು ಹಳೇ ತುಕ್ಕು.

ಆಗಿದ್ದೇನಂದ್ರೆ, ಸಾಮಾನ್ಯ ಎನ್‌ಡಿ ಗಾಜು ಕಣ್ಣಿಗೆ ಕಾಣೋ ಬೆಳಕನ್ನ ತಡೆಯುತ್ತೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಅನ್ನ ಅಷ್ಟಾಗಿ ತಡೆಯಲ್ಲ. ಗಾಜು ದಟ್ಟ ಆದಷ್ಟೂ ಒಳಗೆ ಹೋಗೋದರಲ್ಲಿ ಅದರ ಪಾಲು ಏರುತ್ತೆ. ಸೆನ್ಸರ್ ಅದನ್ನ ಕೆಂಪು ಅಂತ ಓದ್ಕೊಳ್ಳುತ್ತೆ. ಕೆಲವು ಸಿಂಥೆಟಿಕ್ ಕಪ್ಪು ಬಟ್ಟೆ ಇನ್‌ಫ್ರಾರೆಡ್ಡನ್ನ ಕನ್ನಡಿ ಹಾಗೆ ವಾಪಸ್ ಎಸೆಯುತ್ತೆ. ಮುಖ ಸರಿ ಇರುತ್ತೆ, ಕಪ್ಪು ಮಾತ್ರ ಕೆಟ್ಟಿರುತ್ತೆ. ಅದಕ್ಕೇ ಶೂಟಿಂಗ್ ಟೈಮಲ್ಲಿ ಪುಟ್ಟ ಸ್ಕ್ರೀನಲ್ಲಿ ನಂಗೆ ಗೊತ್ತಾಗ್ಲಿಲ್ಲ. ಇನ್‌ಫ್ರಾರೆಡ್ ತಡೆಯೋ ಐಆರ್ ಎನ್‌ಡಿ ಅಂತಲೇ ಸಿಗುತ್ತೆ, ಅದನ್ನ ಮೊದಲೇ ತರ್ಬೇಕಿತ್ತು. ಈಗ ನಾನು ಯಾವ ಸಿನಿಮಾ ಶುರು ಮಾಡಿದ್ರೂ ಮೊದಲು ಕಾಸ್ಟ್ಯೂಮ್ ಪೆಟ್ಟಿಗೆ ಬಿಚ್ಚಿಸಿ, ಕಪ್ಪು ಬಟ್ಟೆ ಒಂದೊಂದನ್ನೂ ಬಿಸಿಲಿಗೆ ಹರಡಿ ಟೆಸ್ಟ್ ತೆಗೀತೀನಿ. ಜನ ಬಟ್ಟೆ ಒಣಗಿಸ್ತಿದ್ದಾನೆ ಅಂದ್ಕೋತಾರೆ.

ಟ್ಯೂಬ್‌ಲೈಟ್ ಸಮಸ್ಯೆ ಇದಕ್ಕಿಂತ ಸಲೀಸು. 50 ಹರ್ಟ್ಸ್ ಕರೆಂಟ್ ಇರೋ ಕಡೆ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಡಿಯುತ್ತೆ. ಶಟರ್ ತೆರೆದಿರೋ ಹೊತ್ತನ್ನ ನಾವು ಡಿಗ್ರಿಯಲ್ಲಿ ಹೇಳ್ತೀವಿ, 360 ಅಂದ್ರೆ ಒಂದು ಫ್ರೇಮ್‌ನ ಪೂರ್ತಿ ಹೊತ್ತು. ಸೆಕೆಂಡಿಗೆ 24 ಫ್ರೇಮ್‌ಗೆ 180 ಡಿಗ್ರಿ ಶಟರ್ ಅಂದ್ರೆ 48ನೇ ಒಂದು ಭಾಗ, ಮಿಡಿತಕ್ಕೆ ಹೊಂದಲ್ಲ, ಗೋಡೆ ಮಿಣಮಿಣ ಅನ್ನುತ್ತೆ. 172.8 ಡಿಗ್ರಿಗೆ ಇಡಿ, ಸರಿಯಾಗಿ 50ನೇ ಒಂದು ಭಾಗ ಆಗುತ್ತೆ, ಪ್ರತಿ ಫ್ರೇಮ್‌ಗೂ ಎರಡೆರಡು ಮಿಡಿತ. ಮುಗೀತು.

ಕಾರ್ಡು, ಬ್ಯಾಟರಿ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ಪ್ರೋರೆಸ್ 422 ಎಚ್‌ಕ್ಯೂ ಅನ್ನೋ ವಿಡಿಯೋ ಫಾರ್ಮ್ಯಾಟ್, ಫುಲ್ ಎಚ್‌ಡಿ, 24 ಫ್ರೇಮ್ ಅಂದ್ರೆ ಸೆಕೆಂಡಿಗೆ ಸುಮಾರು 176 ಮೆಗಾಬಿಟ್. 64 ಜಿಬಿ ಕಾರ್ಡು ಮುಕ್ಕಾಲು ಗಂಟೆ ಚಿಲ್ರೆಯಲ್ಲಿ ತುಂಬುತ್ತೆ, ಬ್ಯಾಟರಿ ಅದಕ್ಕಿಂತ ಮೊದಲೇ ಸಾಯುತ್ತೆ. ಎರಡು ಕಾಪಿ ಆಗೋ ತನಕ ಕಾರ್ಡ್ ಫಾರ್ಮ್ಯಾಟ್ ಮಾಡ್ಬೇಡಿ. ಇದನ್ನ ನಾನು ಹೇಗೆ ಕಲಿತೆ ಅಂತ ಕೇಳ್ಬೇಡಿ.

ಇನ್ನೊಂದು ಮಾತು. ಈಚೆಗೆ ಎಲ್ಲಿ ಹೋದ್ರೂ ಒಂದು ಉದಾಹರಣೆ ಎದುರಾಗುತ್ತೆ: 2023ರಲ್ಲಿ ಬಂದ 'ದಿ ಕ್ರಿಯೇಟರ್' ಸಿನಿಮಾನ ಸೋನಿ ಎಫ್‌ಎಕ್ಸ್3ಯಲ್ಲಿ ತೆಗೆದ್ರು, ಮುಕ್ಕಾಲು ಕೆಜಿ ಇಲ್ಲದ ಕ್ಯಾಮೆರಾ, ಹಾಗಾದ್ರೆ ನಿಮಗೇನು ಕಷ್ಟ ಅಂತ. ತೆಗೆದಿದ್ದು ನಿಜ. ಅದು ಸುಮಾರು 8 ಕೋಟಿ ಡಾಲರ್‌ನ ಸಿನಿಮಾ ಅನ್ನೋದೂ ನಿಜ. ನಂಗೆ ಹತ್ರ ಅನ್ಸೋದು ಅದಕ್ಕಿಂತ 1959. ಫ್ರೆಂಚ್ ನಿರ್ದೇಶಕ ಗೊಡಾರ್‌ನ 'ಬ್ರೆತ್‌ಲೆಸ್' ಶೂಟಿಂಗ್‌ನಲ್ಲಿ ಛಾಯಾಗ್ರಾಹಕ ರಾವುಲ್ ಕುತಾರ್ ಕ್ಯಾಮೆಫ್ಲೆಕ್ಸ್ ಅನ್ನೋ ಹಗುರ ಕ್ಯಾಮೆರಾ ಕೈಯಲ್ಲಿ ಹಿಡ್ಕೊಂಡು ಪ್ಯಾರಿಸ್ ಬೀದಿಗಿಳಿದ್ರು. ಕ್ಯಾಮೆರಾ ಉರುಳಿಸೋಕೆ ಟ್ರ್ಯಾಕ್ ಹಾಕೋ ಬದಲು ಗಾಲಿಕುರ್ಚಿ ಮೇಲೆ ಕೂತ್ರು. ಆ ಕ್ಯಾಮೆರಾ ಎಷ್ಟು ಸದ್ದು ಮಾಡ್ತಿತ್ತು ಅಂದ್ರೆ ಮಾತನ್ನೆಲ್ಲ ಆಮೇಲೆ ಡಬ್ ಮಾಡ್ಬೇಕಾಯ್ತು. ಚಿಕ್ಕದಾಗೋಕೆ ಅವರು ಧ್ವನಿ ಬಿಟ್ಟುಕೊಟ್ರು. ನಾವೂ ಏನಾದ್ರೊಂದು ಬಿಟ್ಟುಕೊಡ್ತಾನೇ ಇರ್ತೀವಿ.

ಬೀದಿ ಅಂದಾಗ ಒಂದು ನೆನಪಾಯ್ತು, ಇದನ್ನ ಹೇಳ್ಬೇಕೋ ಬೇಡ್ವೋ ಅಂತ ಯೋಚಿಸ್ತಿದ್ದೆ. ಚಿಕ್ಕ ಕ್ಯಾಮೆರಾ ಹಿಡಿದವನನ್ನ ಯಾರೂ ಸಿನಿಮಾದವನು ಅಂದ್ಕೊಳ್ಳಲ್ಲ, ಪ್ರವಾಸಿ ಅಂದ್ಕೋತಾರೆ. ಆ ಧೈರ್ಯದಲ್ಲಿ ಒಂದ್ಸಲ ಜನಜಂಗುಳಿ ಮಧ್ಯೆ ನಮ್ಮ ನಟಿಯನ್ನ ನಡೆಸಿ ಹಿಂದೆ ಹಿಂದೆ ಹೋಗ್ತಿದ್ದೆ. ಅದ್ಭುತವಾಗಿ ಬರ್ತಿತ್ತು. ಫ್ರೇಮ್‌ನ ಎಡಗಡೆ ಒಬ್ಬರು ವಯಸ್ಸಾದ ಅಮ್ಮ ತಿರುಗಿದ್ರು, ನೇರ ಲೆನ್ಸ್ ನೋಡಿದ್ರು, ಕೈ ಎತ್ತಿ ಮುಖ ಮುಚ್ಚಿಕೊಂಡ್ರು. ನಾನು ಆಮೇಲೂ ಎರಡು ಸೆಕೆಂಡ್ ರೋಲ್ ಮಾಡಿದೀನಿ. ಆ ಎರಡು ಸೆಕೆಂಡ್ ನನ್ನ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೂ ಇದೆ, ಸಿನಿಮಾದಲ್ಲಿ ಇಲ್ಲ. ಡೈರೆಕ್ಟರ್‌ಗೆ ಅದು ಬೇಕಿತ್ತು, "ಎಷ್ಟು ರಿಯಲ್ ಆಗಿದೆ" ಅಂದ್ರು. ನಾನು ಕೊಡಲ್ಲ ಅಂದೆ. ಒಂದು ವಾರ ಮಾತಾಡ್ಲಿಲ್ಲ ನಾವಿಬ್ರು.

ಬೀರು ಶಾಟ್‌ನ ಒಟ್ಟು ಮೂರು ಟೇಕ್ ತೆಗೆದ್ವಿ. ನೀವು ನೋಡ್ತಿರೋದು ಮೂರನೇದು. ಎರಡನೇದು ಇದಕ್ಕಿಂತ ಅಚ್ಚುಕಟ್ಟು, ಎಡಿಟರ್ ಅದನ್ನೇ ಇಟ್ಟಿದ್ರು. ಮೂರನೇದರಲ್ಲಿ, ಇಲ್ಲಿ ನೋಡಿ, ಈಗ, ಆಕೆ ಕೊನೇ ಬಟ್ಟೆಗೆ ಕೈ ಹಾಕಿದಾಗ ತೋಳು ಲೆನ್ಸ್‌ಗೆ ತಾಗುತ್ತೆ. ಫ್ರೇಮ್ ಒಂದ್ಸಲ ಜೋಲಿ ಹೊಡೆಯುತ್ತೆ. ಆಕೆ ಅರೆಕ್ಷಣ ನಿಲ್ತಾಳೆ. ತಾಗಿದ್ದು ಕ್ಯಾಮೆರಾ ಅಂತ ಆಕೆಗೆ ಗೊತ್ತು. ಆದ್ರೆ ಆ ನಿಲ್ಲೋದನ್ನ ಆಕೆ ಪಾತ್ರದೊಳಗೇ ಎಳ್ಕೊಂಡು, ಆ ಬಟ್ಟೆಯನ್ನ ಸೂಟ್‌ಕೇಸ್‌ಗೆ ಹಾಕದೆ ವಾಪಸ್ ಬೀರುವಿಗೇ ಇಡ್ತಾಳೆ. ಸ್ಕ್ರಿಪ್ಟ್‌ನಲ್ಲಿ ಇರ್ಲಿಲ್ಲ ಅದು. ಇಟ್ಟಿದ್ದು ಎಲ್ಲಿಗೆ ಅಂತೀರಾ? ನನ್ನ ಮಂಡಿ ಮೇಲೆ.

ಕಟ್ ಅಂದ್ಮೇಲೆ ಎದ್ದೇಳೋಕೆ ಹೋದ್ರೆ ಎರಡೂ ಕಾಲು ಜೋಮು ಹಿಡಿದಿತ್ತು. "ಸಾರ್, ಕೈ ಕೊಡಿ" ಅಂತ ಆಕೆನೇ ಎಳೆದ್ರು. ಹ್ಯಾಂಗರ್‌ಗಳೆಲ್ಲ ಒಟ್ಟಿಗೆ ಸದ್ದು ಮಾಡಿದ್ವು. ಸೌಂಡ್ ರೆಕಾರ್ಡಿಸ್ಟ್ ಹೆಡ್‌ಫೋನ್ ತೆಗೀದೇನೇ ಕೂಗಿದ್ರು, "ಇದನ್ನೂ ರೆಕಾರ್ಡ್ ಮಾಡ್ಕೊಂಡಿದೀನಿ, ಬೇಕಾದ್ರೆ ಹೇಳಿ."