ಸದ್ದು ಬಂತು, ಏರು ಹತ್ತಲಿಲ್ಲ

ಇವತ್ತು ಗಾಡಿ ಸ್ಟಾರ್ಟ್ ಮಾಡಿ ಸೌಂಡ್ ಕೇಳ್ಸಲ್ಲ, ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಅವ್ವ ಊಟ ಮಾಡಿ ಈಗಷ್ಟೇ ಮಲ್ಗಿದ್ದಾರೆ, ನಾನು ಕೂತಿರೋದು ಮನೆ ಹಿಂದೆ ಕಾಫಿ ಕಣದ ಪಕ್ಕದ ಶೆಡ್ಡಲ್ಲಿ. ಸೈಲೆನ್ಸರ್ ಬಗ್ಗೆ ವಿಡಿಯೋ ಮಾಡಿ ಸೌಂಡೇ ಕೇಳ್ಸಲ್ಲ ಅಂದ್ರೆ ಮದುವೆಗೆ ಕರ್ದು ಊಟ ಹಾಕ್ದೆ ಕಳ್ಸಿದಂಗೆ ಅಂತ ಬೈತೀರೇನೋ, ಬೈರಿ ಪರವಾಗಿಲ್ಲ.

ನನ್ನ ಹಿಂದೆ ಗೋಡೇಲಿ ಮೂರು ಸೈಲೆನ್ಸರ್ ನೇತಾಡ್ತಿದಾವಲ್ಲ, ಒಂದು ಕಂಪನಿದು, ಒಂದು ನಾನು ಹಾಳು ಮಾಡಿದ್ದು, ಇನ್ನೊಂದು ನಾನೇ ಮಾಡಿದ್ದು. ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ನಮ್ಮ ಬಾಯಲ್ಲಿ ಬುಲೆಟ್ಟೇ, ಪೆಟ್ರೋಲಿಗೆ ಗಾಳಿ ಬೆರ್ಸೋ ಕಾರ್ಬ್ಯುರೇಟರ್ ಇರೋ ಹಳೇ 346 ಸಿಸಿ ಇಂಜಿನ್, ಬಿಎಸ್6 ಅನ್ನೋ ಹೊಗೆ ನಿಯಮ ಬರೋಕೆ ಮುಂಚಿನದು. ಇವತ್ತು ಮಾತಾಡ್ಬೇಕಿರೋದು ಆ ನಡುವಿನದ್ರ ಬಗ್ಗೆ, ಹಾಳು ಮಾಡಿದ್ದು.

ಒಂದು ಭಾನುವಾರ ಮಧ್ಯಾಹ್ನ ಮಾಡೋಕೆ ಬೇರೆ ಕೆಲ್ಸ ಇರ್ಲಿಲ್ಲ, ಮಳೆ ಬಿಟ್ಟಿತ್ತು, ಯಾರದ್ದೋ ವಿಡಿಯೋ ನೋಡ್ದೆ, ಉದ್ದ ಡ್ರಿಲ್ ಬಿಟ್ ತಗೊಂಡು ಸೈಲೆನ್ಸರ್ ಬಾಲದ ಕಡೆಯಿಂದ ಒಳಗಿನ ಪ್ಲೇಟಿಗೆ ತೂತು ಹೊಡ್ದೆ, ಒಂದಾಯ್ತು ಎರಡಾಯ್ತು, ಐದಾರು ಆಗೋ ಹೊತ್ತಿಗೆ ಕೈ ನಿಲ್ಲಲ್ಲ ನೋಡಿ. ಸ್ಟಾರ್ಟ್ ಮಾಡಿದ್ರೆ ಎದುರಿನ ಬೆಟ್ಟಕ್ಕೆ ಬಡ್ದು ವಾಪಸ್ ಬರ್ತಿತ್ತು ಸದ್ದು. ಏನ್ ಪಿಕಪ್ ಅಂತೀರಾ! ಮಡಿಕೇರಿ ಪೇಟೇಲಿ ಒಂದು ವಾರ ಓಡಾಡ್ದೆ, ನನ್ನ ಗಾಡಿಗೆ ಎರಡು ಮೂರು ಹಾರ್ಸ್‌ಪವರ್ ಜಾಸ್ತಿ ಬಂದಿದೆ ಅಂತ ನಾನೇ ನಂಬ್ಬಿಟ್ಟೆ, ಅಂಗ್ಡಿ ಮುಂದೆ ನಿಂತ್ಕೊಂಡು ನಾಕು ಜನಕ್ಕೆ ಹೇಳ್ದೆ ಕೂಡ.

ಆಮೇಲೆ ಮಂಗ್ಳೂರಿಗೆ ಹೋಗೋ ಕೆಲ್ಸ ಬಂತು. ಇಳಿಯೋವಾಗ ಮದೆನಾಡು ದಾಟಿ ಥ್ರಾಟಲ್ ಬಿಟ್ಟಾಗೆಲ್ಲ ಹಿಂದೆ ಪಟಪಟ ಪಟಾಕಿ. ನಾನದನ್ನೂ ಎಂಜಾಯ್ ಮಾಡ್ದೆ, ಸುಳ್ಳು ಹೇಳಲ್ಲ. ಕೆಳಗೆ ಮಂಗ್ಳೂರಲ್ಲಿ ಟ್ರಾಫಿಕ್ಕಲ್ಲಿ ಇಂಜಿನ್ ಕೆಂಡದ ಹಾಗೆ ಬಿಸಿ, ಕಾಲು ಇಡಕ್ಕಾಗ್ತಿಲ್ಲ. ವಾಪಸ್ ಬರೋವಾಗ ಹಿಂದೆ ತಮ್ಮ ಕೂತಿದ್ದ, ಅವನ ಬ್ಯಾಗು, ಒಂದು ಚೀಲ ಮೀನು ಬೇರೆ. ಸಂಪಾಜೆ ದಾಟಿ ಏರು ಶುರುವಾಯ್ತು ನೋಡಿ, ಯಾವಾಗ್ಲೂ ನಾಲ್ಕನೇ ಗೇರಲ್ಲಿ ಆರಾಮಾಗಿ ಹತ್ತೋ ಜಾಗದಲ್ಲಿ ಮೂರಕ್ಕೆ ಹಾಕ್ದೆ, ಜೋಡುಪಾಲ ತಿರುವಲ್ಲಿ ಎರಡಕ್ಕೆ. ಪಕ್ಕದಲ್ಲಿ ಮರದ ಲಾರಿ ಓವರ್‌ಟೇಕ್ ಮಾಡ್ತಿದೆ ನನ್ನ! ಸದ್ದು ಮಾತ್ರ ರಥ ಎಳ್ದಂಗೆ. ತಮ್ಮ ಹಿಂದಿಂದ ಕೇಳ್ದ, ಅಣ್ಣ ಇಳ್ದು ತಳ್ಳ್ಲಾ ಅಂತ.

ಅವತ್ತು ರಾತ್ರಿ ಕೂತು ಯೋಚ್ನೆ ಮಾಡ್ದೆ, ಮಡಿಕೇರೀಲಿ ಚೆನ್ನಾಗಿದ್ದಿದ್ದು ಕೆಳಗೆ ಯಾಕೆ ಹಿಂಗಾಯ್ತು. ಉತ್ತರ ಸಿಕ್ಕಿದ್ಮೇಲೆ ನಗು ಬಂತು.

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಇಲ್ಲಿ ಗಾಳಿ ಮಂಗ್ಳೂರಿಗಿಂತ ಹತ್ತು ಪರ್ಸೆಂಟಷ್ಟು ತೆಳು. ಕಾರ್ಬ್ಯುರೇಟರ್‌ಗೆ ಕಣ್ಣಿಲ್ಲ ಬುದ್ಧಿ ಇಲ್ಲ, ಗಾಳಿ ತೆಳುವಾಗಿದೆ ಅಂತ ಅದಕ್ಕೆ ಗೊತ್ತಾಗಲ್ಲ, ಪೆಟ್ರೋಲ್ ಹೆಚ್ಚುಕಮ್ಮಿ ಅಷ್ಟೇ ಬಿಡುತ್ತೆ, ಹಂಗಾಗಿ ನಮ್ಮೂರಲ್ಲಿ ಕಾರ್ಬ್ಯುರೇಟರ್ ಗಾಡಿಗಳೆಲ್ಲ ಸ್ವಲ್ಪ ರಿಚ್ಚಾಗೇ, ಅಂದ್ರೆ ಗಾಳಿ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿಯಾಗಿ ಓಡೋದು. ನಾನು ತೂತು ಹೊಡೆದಿದ್ದಕ್ಕೆ ಹೊಗೆ ಸಲೀಸಾಗಿ ಹೋಗಿ ಗಾಳಿ ಜಾಸ್ತಿ ಎಳೀತು, ಮಿಕ್ಸ್ಚರ್ ಲೀನ್ ಕಡೆ, ಅಂದ್ರೆ ಪೆಟ್ರೋಲ್ ಕಮ್ಮಿ ಕಡೆ ಹೋಯ್ತು, ಅಂದ್ರೆ ನಮ್ಮೂರ ರಿಚ್ಚಿಗೂ ನನ್ನ ಲೀನಿಗೂ ಸರಿಹೋಯ್ತು. ಮಡಿಕೇರೀಲಿ ಗಾಡಿ ಚುರುಕಾಗಿ ಅನ್ಸಿದ್ದು ಒಂದಿಷ್ಟು ಅದಕ್ಕೇ, ಮಿಕ್ಕಿದ್ದು ಬರೀ ಕಿವಿ ಮಾಡಿದ ಮೋಸ. ಕೆಳಗೆ ಇಳ್ದ ಕೂಡ್ಲೇ ಗಾಳಿ ದಪ್ಪ ಆಯ್ತು, ಲೀನ್ ಮೇಲೆ ಲೀನ್, ಇಂಜಿನ್ ಬಿಸಿ, ಏರಲ್ಲಿ ಉಸಿರಿಲ್ಲ. ಸ್ಪಾರ್ಕ್ ಪ್ಲಗ್ ತೆಗ್ದು ನೋಡಿದ್ರೆ ಸುಣ್ಣ ಬಳ್ದಂಗೆ ಬೆಳ್ಳಗಿತ್ತು. ಪ್ಲಗ್ಗಿನ ಬಣ್ಣ ಹಾಲು ಹಾಕಿದ ಕಾಫಿ ತರ ಇರ್ಬೇಕು, ಕಪ್ಪು ಮಸಿ ಇದ್ರೆ ರಿಚ್ಚು, ಬಿಳಿ ಇದ್ರೆ ಲೀನು. ಕೊಡಗಿನವ್ರಿಗೆ ಕಾಫಿ ಬಣ್ಣ ಹೇಳಿಕೊಡ್ಬೇಕಾ.

ಆ ಪಟಪಟ ಇದ್ಯಲ್ಲ, ಅದು ಪವರಲ್ಲ ಮಾರಾಯ್ರೆ. ಥ್ರಾಟಲ್ ಮುಚ್ಚಿದಾಗ ಒಳಗೆ ಉರಿಯದೆ ಉಳಿದ ಪೆಟ್ರೋಲ್ ಆವಿ ಪೈಪಿಗೆ ಬರುತ್ತೆ, ಜಾಯಿಂಟಲ್ಲಿ ಎಲ್ಲೋ ಗಾಳಿ ಸೋರಿ ಒಳಗೆ ಬಂದ್ರೆ ಅಲ್ಲೇ ಹೊತ್ಕೊಳುತ್ತೆ, ಅಷ್ಟೇ. ನಂದ್ರಲ್ಲಿ ಇಂಜಿನ್ನಿಂದ ಸೈಲೆನ್ಸರಿಗೆ ಹೋಗೋ ಬೆಂಡ್ ಪೈಪಿನ ಗ್ಯಾಸ್ಕೆಟ್ ಕೂಡ ಹೋಗಿತ್ತು, ಡ್ರಿಲ್ ಮಾಡೋಕೆ ಬಿಚ್ಚಿ ಹಳೇ ಗ್ಯಾಸ್ಕೆಟ್ಟೇ ವಾಪಸ್ ಹಾಕಿದ್ದೆ, ಹತ್ತಿಪ್ಪತ್ತು ರೂಪಾಯಿ ಉಳ್ಸೋಕೆ. ನಮ್ಮಲ್ಲಿ ಪುತ್ತರಿ ಸುಗ್ಗಿ ಹಬ್ಬದ ದಿನ ಕದಿರು ತೆಗೆಯೋಕೆ ಮುಂಚೆ ಕೋವಿ ಹಾರಿಸ್ತಾರೆ, ಅದಕ್ಕೊಂದು ಹೊತ್ತು ಗೊತ್ತು ಇದೆ. ನನ್ನ ಗಾಡಿ ದಿನಾ ರಾತ್ರಿ ಒಂಬತ್ತಕ್ಕೆ ಪುತ್ತರಿ ಮಾಡ್ತಿತ್ತು.

ಈಗ ಇನ್ನೊಂದು ವಿಷ್ಯ, ಬ್ಯಾಕ್ ಪ್ರೆಶರ್, ಅಂದ್ರೆ ಹೊಗೆ ಹೊರಗೆ ಹೋಗೋಕೆ ಪೈಪಲ್ಲಿರೋ ಅಡ್ಡಿ, ಬೇಕು ಅಂತ ಒಬ್ರು, ಬೇಡ ಅಂತ ಒಬ್ರು, ಗ್ಯಾರೇಜಲ್ಲಿ ಇದೇ ಜಗಳ. ಹೊಗೆಗೆ ಅಡ್ಡ ಯಾರಿಗೂ ಬೇಡ. ಬೇಕಿರೋದು ವೇಗ ಮತ್ತೆ ಟೈಮಿಂಗು. ಎಗ್ಸಾಸ್ಟ್ ವಾಲ್ವ್ ತೆರ್ದಾಗ ಒತ್ತಡದ ಒಂದು ಅಲೆ ಪೈಪಲ್ಲಿ ಓಡುತ್ತೆ, ಪೈಪು ಮುಗ್ದು ಅಗಲವಾದ ಜಾಗ ಸಿಕ್ಕಿದ ಕೂಡ್ಲೇ ವಾಪಸ್ ತಿರುಗುತ್ತೆ, ತಿರುಗೋವಾಗ ತಳ್ಳೋ ಒತ್ತಡ ಹೋಗಿ ಎಳೆಯೋ ಒತ್ತಡ ಆಗಿರುತ್ತೆ. ಅದು ಸರಿಯಾದ ಹೊತ್ತಿಗೆ ವಾಲ್ವ್ ಹತ್ರ ಬಂದ್ರೆ ಒಳಗೆ ಉಳಿದ ಹೊಗೇನ ಎಳ್ದು ಹೊಸ ಗಾಳಿಗೆ ಜಾಗ ಮಾಡುತ್ತೆ. ಬಿಸಿ ಹೊಗೇಲಿ ಅಲೆ ಸೆಕೆಂಡಿಗೆ 500 ಮೀಟರ್ ಆಸುಪಾಸು ಓಡುತ್ತೆ ಅಂತ ಇಟ್ಕೊಳಿ, ಪೈಪು ಗಿಡ್ಡ ಮಾಡಿದ್ರೆ ಬೇಗ ವಾಪಸ್ ಬರುತ್ತೆ, ಬೇಗ ಬಂದ್ರೆ ಅದು ಉಪಯೋಗ ಆಗೋದು ಇಂಜಿನ್ ನಿಮಿಷಕ್ಕೆ ಜಾಸ್ತಿ ಸುತ್ತು ತಿರುಗೋವಾಗ, ಅಂದ್ರೆ ಜಾಸ್ತಿ ಆರ್‌ಪಿಎಮ್ಮಲ್ಲಿ. ಆದ್ರೆ ನನ್ನ ಇಂಜಿನ್ 5,250 ಆರ್‌ಪಿಎಮ್ಮಿಗೆ 19.8 ಬಿಎಚ್‌ಪಿ ಕೊಟ್ಟು ಮುಗೀತು ಅನ್ನುತ್ತೆ, ಟಾರ್ಕು, ಅಂದ್ರೆ ತಿರುಗಿಸೋ ಬಲ, 28 ನ್ಯೂಟನ್ ಮೀಟರ್ 4,000ಕ್ಕೇ ಬರುತ್ತೆ. ಅದಕ್ಕೆ ಗಿಡ್ಡ ದಪ್ಪ ಪೈಪ್ ಹಾಕೋದು ಅಂದ್ರೆ ಎತ್ತಿಗೆ ಕುದುರೆ ಲಾಳ ಹೊಡ್ದಂಗೆ. ದಪ್ಪ ಪೈಪಲ್ಲಿ ಹೊಗೆ ವೇಗ ಸತ್ತೋಗುತ್ತೆ, ಕಮ್ಮಿ ಆರ್‌ಪಿಎಮ್ಮಲ್ಲಿ ಎಳೆತ ಹೋಗುತ್ತೆ, ಕೊಡಗಿನ ರೋಡಲ್ಲಿ ನಾವು ಓಡ್ಸೋದೇ ಆ ಕಮ್ಮಿ ಆರ್‌ಪಿಎಮ್ಮಲ್ಲಿ. ಭಾಗಮಂಡ್ಲದಿಂದ ತಲಕಾವೇರಿ ಏರಲ್ಲಿ ಯಾರು 6,000 ತಿರುಗಿಸ್ತಾರೆ ಹೇಳಿ. ರೇಸ್ ಟ್ರ್ಯಾಕಿಗೆ ಮಾಡಿದ ಐಡಿಯಾನ ಕಾಫಿ ತೋಟದ ರೋಡಿಗೆ ತಂದು ಹಾಕ್ತಿದೀವಿ, ಅದು ನನ್ನ ತಕರಾರು.

ಟೂ ಸ್ಟ್ರೋಕಲ್ಲಂತೂ ಇನ್ನೂ ನಾಜೂಕು. ಯಮಹಾ ಆರ್‌ಎಕ್ಸ್ 100 ಇಟ್ಕೊಂಡಿರೋರು ದಯವಿಟ್ಟು ಕೇಳಿ. 98 ಸಿಸಿಲಿ 11 ಬಿಎಚ್‌ಪಿ ಬರೋದ್ರಲ್ಲಿ ಆ ಪೈಪಿನ ಪಾಲು ದೊಡ್ಡದು. ಹೊಟ್ಟೆ ಉಬ್ಬಿರೋ ಭಾಗ ಇದ್ಯಲ್ಲ, ಮುಂದಿನ ಅಗಲ ಆಗೋ ಕೋನ್ ಎಳೆಯೋ ಅಲೆ ಕಳ್ಸುತ್ತೆ, ಹಿಂದಿನ ಕಿರಿದಾಗೋ ಕೋನ್ ತಳ್ಳೋ ಅಲೆ ಕಳ್ಸಿ, ಹೊರಗೆ ಓಡ್ತಿರೋ ಹೊಸ ಪೆಟ್ರೋಲ್ ಗಾಳೀನ ಕೊರಳು ಹಿಡ್ದು ವಾಪಸ್ ಸಿಲಿಂಡರಿಗೆ ನೂಕುತ್ತೆ. ಅದನ್ನ ಕಟ್ ಮಾಡಿದ್ರೆ ಸದ್ದು ಸಿಗುತ್ತೆ, ಗಾಡಿ ನಿಮ್ಮ ತೋಟದ ಕಳೆ ಮಷಿನ್ ಆಗುತ್ತೆ.

ಇನ್ನು ಮೂರನೇದು, ನಾನೇ ಮಾಡಿದ್ದು. ಒರಿಜಿನಲ್ ಯಾವತ್ತೂ ಕಟ್ ಮಾಡ್ಬೇಡಿ, ಗುಜರಿ ಅಂಗ್ಡೀಲಿ ಹಳೇ ಸೈಲೆನ್ಸರ್ ಹುಡ್ಕಿ. ಬೆಂಡ್ ಪೈಪ್ ಹೆಂಗಿದ್ಯೋ ಹಂಗೇ ಬಿಟ್ಟೆ, ಉದ್ದಾನೂ ಮುಟ್ಲಿಲ್ಲ ಅಗಲಾನೂ ಮುಟ್ಲಿಲ್ಲ. ಗುಜರಿ ಸೈಲೆನ್ಸರ್ ಹಿಂಬದಿ ಗ್ರೈಂಡರಲ್ಲಿ ಕುಯ್ದು ಪ್ಲೇಟೆಲ್ಲ ತೆಗ್ದು, ಬೆಂಡ್ ಪೈಪಿನ ಒಳ ಅಳತೆಯದ್ದೇ ತೂತು ತೂತು ಪೈಪು ಹಾಕಿ, ಸುತ್ತ ಗ್ಲಾಸ್ ವುಲ್ ಸುತ್ತಿ, ವೆಲ್ಡಿಂಗ್ ಅಂಗ್ಡಿ ಅಣ್ಣನ ಹತ್ರ ಮುಚ್ಚಿಸ್ದೆ. ಗ್ಲಾಸ್ ವುಲ್ ಮುಟ್ಟೋವಾಗ ಗ್ಲೌಸು ಮಾಸ್ಕು ಬೇಕೇ ಬೇಕು, ನಾನು ಹಾಕ್ಲಿಲ್ಲ, ಎರಡು ದಿನ ಕೈ ಕೆರ್ಕೊಂಡೆ. ವೆಲ್ಡಿಂಗ್ ಅಂದ್ರೆ ಸೈಲೆನ್ಸರ್ ಬಿಚ್ಚಿ ಮಾಡ್ಸಿ, ಗಾಡಿ ಮೇಲೆ ಇಟ್ಟು ಮಾಡಿದ್ರೆ ವಯರಿಂಗು ಸುಟ್ಟೋಗುತ್ತೆ. ಟೆಸ್ಟ್ ಮಾಡೋವಾಗ ಶೆಡ್ಡಿನ ಬಾಗಿಲು ತೆಗ್ದಿಡಿ, ಆ ಹೊಗೇಲಿರೋ ಕಾರ್ಬನ್ ಮಾನಾಕ್ಸೈಡಿಗೆ ವಾಸ್ನೆ ಇಲ್ಲ, ತಲೆ ತಿರುಗೋ ತನಕ ಗೊತ್ತಾಗಲ್ಲ.

ಗ್ಲಾಸ್ ವುಲ್ ಚೂಪು ಸದ್ದನ್ನ ಕುಡಿಯುತ್ತೆ, ತಗ್ಗು ದನೀನ ಅಷ್ಟು ತಡಿಯಲ್ಲ, ತಗ್ಗು ದನಿ ತಡಿಯೋದು ಕಂಪನಿ ಸೈಲೆನ್ಸರ್ ಒಳಗಿರೋ ಕೋಣೆಗಳು. ಅದಕ್ಕೇ ಈ ಪೈಪಲ್ಲಿ ಕಿವಿಗೆ ಚುಚ್ಚೋದು ಹೋಗಿ ಡುಗುಡುಗು ಮಾತ್ರ ಉಳೀತು. ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಬಿಡೋ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕ್ದೆ, ಹೊಸ ಗ್ಯಾಸ್ಕೆಟ್ ಹಾಕ್ದೆ, ಪಟಾಕಿ ನಿಂತೋಯ್ತು. ಅದೇ ಸಂಪಾಜೆ ಏರು, ಅದೇ ತಮ್ಮ, ಮೀನಿಲ್ಲ, ನಾಲ್ಕನೇ ಗೇರಲ್ಲೇ ಹತ್ತಿತು. ಸ್ಟಾಕಿಗಿಂತ, ಅಂದ್ರೆ ಕಂಪನಿ ಸೈಲೆನ್ಸರಿಗಿಂತ ಜೋರಾಗಿ ಹತ್ತಿತಾ? ಇಲ್ಲ. ಫೋನ್ ಸ್ಟಾಪ್‌ವಾಚ್ ಹಿಡ್ದು ಅದೇ ಜಾಗದಲ್ಲಿ ಎರಡನ್ನೂ ನೋಡ್ದೆ, ಹೇಳ್ಕೊಳೋ ವ್ಯತ್ಯಾಸ ಏನೂ ಇಲ್ಲ. ಅಷ್ಟೆಲ್ಲ ಖರ್ಚು ಮಾಡಿ ನಾನು ಗಳ್ಸಿದ್ದು ಏನಂದ್ರೆ ಕಂಪನಿಯವ್ರು ಕೊಟ್ಟಿದ್ದ ಪವರನ್ನ ಕಳ್ಕೊಳ್ದೆ ಇರೋದು.

ಮಳೆಗಾಲದ ಬಗ್ಗೆ ಒಂದ್ ಮಾತು. ಕೆಳಗೆ ನೀರು ಸೋರೋಕೆ ಸಣ್ಣ ತೂತು ಬಿಡ್ಬೇಕು, ನಾನು ಮೊದ್ಲು ಬಿಟ್ಟಿರ್ಲಿಲ್ಲ, ಗ್ಲಾಸ್ ವುಲ್ ನೀರು ಕುಡ್ದು ಒಳಗಿಂದ ತುಕ್ಕು ಶುರುವಾಯ್ತು. ಬೆಂಡ್ ಪೈಪಿಗೆ ಬಟ್ಟೆ ತರ ಸುತ್ತೋ ಹೀಟ್ ವ್ರ್ಯಾಪ್ ಬೆಂಗ್ಳೂರಲ್ಲಿ ಸ್ಟೈಲಿರ್ಬಹುದು, ನಮ್ಮ ಜುಲೈ ಮಳೇಲಿ ಅದು ಒದ್ದೆ ಕಂಬ್ಳಿ, ಕಬ್ಬಿಣ ತಿಂದಾಕುತ್ತೆ.

ಬಿಎಸ್6 ಗಾಡಿ ಇರೋರು, ಅಂದ್ರೆ 2020ರ ಏಪ್ರಿಲ್ ಆದ್ಮೇಲಿನವ್ರು, ಇದ್ಯಾವ್ದೂ ಮನೇಲಿ ಮಾಡೋಕೆ ಹೋಗ್ಬೇಡಿ. ಪೈಪಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಆಕ್ಸಿಜನ್ ಸೆನ್ಸರ್ ಇದೆ, ಕುಯ್ದ್ರೆ ವಿಷ ನೇರ ಗಾಳಿಗೆ, ಮೀಟರಲ್ಲಿ ಇಂಜಿನ್ ಲೈಟು. ಕಾನೂನು ಅಂತೂ ನನ್ನ ಈ ಮೂರನೇ ಪೈಪಿಗೂ ಒಪ್ಪಲ್ಲ, ಅದನ್ನೂ ಹೇಳ್ಬಿಡ್ತೀನಿ. 175 ಸಿಸಿಗಿಂತ ಮೇಲಿನ ಬೈಕಿಗೆ ಮಿತಿ 80 ಡೆಸಿಬಲ್, ಅದರ ಕೆಳಗೆ 80 ಸಿಸಿ ತನಕ 77, ಇದು ಕಂಪನಿಯವ್ರು ಗಾಡಿ ಪಾಸ್ ಮಾಡ್ಸೋವಾಗಿನ ಲೆಕ್ಕ. ಶಬ್ದ ಮಾಲಿನ್ಯಕ್ಕೆ 2019ರ ತಿದ್ದುಪಡಿ ಆದ್ಮೇಲೆ ಮೊದಲ ಸಲಕ್ಕೇ ದಂಡ 10,000 ರೂಪಾಯಿ ತನಕ, ಜೈಲಿಗೂ ಅವಕಾಶ ಇದೆ, ಲೈಸೆನ್ಸೂ ಮೂರು ತಿಂಗ್ಳು ಹೋಗುತ್ತೆ. ಸೈಲೆನ್ಸರ್ ಮೇಲೆ ರೋಡ್ ರೋಲರ್ ಹತ್ಸೋ ವಿಡಿಯೋ ಎಲ್ರೂ ನೋಡಿದೀವಲ್ಲ. 80ಕ್ಕೂ 90ಕ್ಕೂ ಬರೀ ಹತ್ತು ತಾನೇ ಅನ್ಬೇಡಿ, ಹತ್ತು ಡೆಸಿಬಲ್ ಅಂದ್ರೆ ಸದ್ದಿನ ಶಕ್ತಿ ಹತ್ತು ಪಟ್ಟು, ಹತ್ತು ಸ್ಟಾಕ್ ಬುಲೆಟ್ ಒಟ್ಟಿಗೆ ನಿಮ್ಮ ಕಿಟಕಿ ಕೆಳಗೆ ಹೋದಂಗೆ.

ವೀಕೆಂಡಲ್ಲಿ ಮಾಂದಲ್‌ಪಟ್ಟಿಗೆ ಬರೋ ಟೂರಿಸ್ಟುಗಳನ್ನ ಬೈಯೋದು ನಮಗೆಲ್ಲ ಸುಲಭ, ನಾನೂ ಬೈತೀನಿ. ಆದ್ರೆ ರಾತ್ರಿ ಹನ್ನೊಂದಕ್ಕೆ ಲೈನ್‌ಮನೆ ಮುಂದೆ ಹೋಗ್ತಿದ್ದಿದ್ದು ನಾನೇ ಅಲ್ವಾ, ಬೆಳಿಗ್ಗೆ ಆರಕ್ಕೆ ಎದ್ದು ತೋಟಕ್ಕೆ ಇಳಿಯೋರು ಮಲ್ಗಿರೋ ಹೊತ್ತಲ್ಲಿ. ಅವ್ರು ಬಂದು ನಂಗೆ ಹೇಳಲ್ಲ, ಹೇಳೋ ಹಂಗೂ ಇಲ್ಲ.

ಆನೆ ವಿಷ್ಯ ಒಂದು ಹೇಳಿ ಮುಗಿಸ್ತೀನಿ, ಇದು ನಂಗೆ ಲೆಕ್ಕ ಹಾಕೋವಾಗ ಸಿಕ್ಕಿದ್ದು. ಏಷ್ಯಾದ ಆನೆಗಳು ನಮ್ಮ ಕಿವಿಗೆ ಸರಿಯಾಗಿ ಕೇಳದಷ್ಟು ತಗ್ಗು ದನೀಲಿ ಮಾತಾಡ್ಕೊಳ್ತವೆ ಅಂತ 1986ರಲ್ಲಿ ವಿಜ್ಞಾನಿಗಳು ರೆಕಾರ್ಡ್ ಮಾಡಿ ತೋರ್ಸಿದ್ರು, 14ರಿಂದ 24 ಹರ್ಟ್ಸ್, ಅಂದ್ರೆ ಸೆಕೆಂಡಿಗೆ ಅಷ್ಟು ಸಲ ಕಂಪನ. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಗಾಡಿ ಎರಡು ಸುತ್ತಿಗೊಂದ್ಸಲ ಸಿಡಿಯುತ್ತೆ, ಅಂದ್ರೆ ಆರ್‌ಪಿಎಮ್ಮನ್ನ 120ರಿಂದ ಭಾಗ್ಸಿ, 1,700ರಿಂದ 2,900 ತನಕ ಬರೋದು ಅದೇ 14ರಿಂದ 24. ಆನೆಗೆ ನನ್ನ ಬುಲೆಟ್ ಏನಂತ ಕೇಳುತ್ತೋ ನಾನು ಹೇಳಲಾರೆ. ನಂಗೆ ಆನೆ ಸದ್ದು ಕೇಳಲ್ಲ ಅನ್ನೋದು ಮಾತ್ರ ಗೊತ್ತು. ಸಿದ್ದಾಪುರ ಕಡೆ ರಾತ್ರಿ ತೋಟದ ರೋಡಲ್ಲಿ ಹೋಗೋವಾಗ ಕೊಂಬೆ ಮುರಿಯೋ ಚಟ್ ಅನ್ನೋ ಸದ್ದೇ ನಮಗಿರೋ ಎಚ್ಚರಿಕೆ, ತೂತು ಹೊಡೆದ ಸೈಲೆನ್ಸರ್ ಇದ್ದಾಗ ಒಂದು ಸಲ ತಿರುವಲ್ಲಿ ಆನೆ ಲೈಟಿಗೆ ಸಿಕ್ಕಿದ ಮೇಲೇ ಗೊತ್ತಾಗಿದ್ದು, ನಡುವೆ ನಾಲ್ಕು ಕಾಫಿ ಗಿಡದಷ್ಟು ಜಾಗ. ಇಂಜಿನ್ ಆಫ್ ಮಾಡ್ಲಾ ಬೇಡ್ವಾ ಅಂತ ಗೊತ್ತಾಗ್ದೆ ನಿಂತಿದ್ದೆ, ಅದೇ ಬೇಜಾರಾಗಿ ಇಳ್ದು ಹೋಯ್ತು.

ಈಗ ಗಾಡೀಲಿರೋದು ಸ್ಟಾಕು. ಇನ್ನೊಂದು ಸ್ಟಾಕು ಮಾರಾಯ್ರೆ, ಗೋಡೇಲಿರೋದು ತುಕ್ಕು ಹಿಡ್ದಿದ್ದಕ್ಕೆ ಸೆಕೆಂಡ್ ಹ್ಯಾಂಡ್ ತಂದೆ. ಏರು ಹತ್ತೋಕೆ ನಿಜವಾಗ್ಲೂ ಬೇಕಂದ್ರೆ ಚೈನ್ ಎಳೆಯೋ ಮುಂದಿನ ಹಲ್ಲಿನ ಚಕ್ರ, ಅಂದ್ರೆ ಸ್ಪ್ರಾಕೆಟ್, ಒಂದು ಹಲ್ಲು ಕಮ್ಮಿ ಮಾಡಿ ನೋಡ್ಬೇಕು ಅಂತಿದೀನಿ, 16 ಹಲ್ಲಿನ ಜಾಗಕ್ಕೆ 15 ಬಂದ್ರೆ ಚಕ್ರಕ್ಕೆ ಎಳೆತ ಆರೇಳು ಪರ್ಸೆಂಟ್ ಜಾಸ್ತಿ, ಟಾಪ್ ಸ್ಪೀಡ್ ಹೋಗುತ್ತೆ, ಹೋಗ್ಲಿ, ಮಡಿಕೇರಿಯಿಂದ ವಿರಾಜಪೇಟೆಗೆ ಟಾಪ್ ಸ್ಪೀಡ್ ಯಾವ್ದಕ್ಕೆ. ಪಾರ್ಟ್ ಹೇಳಿದೀನಿ, ಬಂದ್ಮೇಲೆ ಅದೇ ಏರಲ್ಲಿ ಅದೇ ಸ್ಟಾಪ್‌ವಾಚಲ್ಲಿ ನೋಡಣ, ತಮ್ಮ ಬರಲ್ಲ ಅಂತಿದಾನೆ, ಒಂದು ಮೂಟೆ ಗೊಬ್ಬರ ಕಟ್ಕೊಂಡು ಹೋಗ್ಬೇಕಷ್ಟೇ.