ಮನೆಯೊಳಗಿನ ಹೆಸರು ಪಂಚಾಯ್ತಿಗೂ ಗೊತ್ತಿರಲಿ

ಕೇಳುಗರಿಗೆ ನಮಸ್ಕಾರ. ಇದು ಅಡಿಕೆ ಸುಲಿಯುವ ಕಾಲ. ಜಗಲಿಯಲ್ಲಿ ಕತ್ತಿ ಮುಂದಿಟ್ಟುಕೊಂಡೇ ರೇಡಿಯೋ ಕೇಳುತ್ತಿದ್ದೀರಿ, ಅಲ್ವಾ? ಕೈ ನಿಲ್ಲಿಸಬೇಡಿ, ಕಿವಿ ಇತ್ತ ಕೊಟ್ಟರೆ ಸಾಕು.

ನನ್ನದು ಒಂದೇ ಮಾತು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಗವಿಕಲರಿದ್ದರೆ ಪಂಚಾಯ್ತಿಯ ವಿಆರ್‌ಡಬ್ಲ್ಯುಗೆ ಹೇಳಿ. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇವರೂ ಅಂಗವಿಕಲರೇ. ಹಾಗಾಗಿ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸನಗರದ ಕಡೆ ಒಂದು ಒಂಟಿಮನೆ. ಅಲ್ಲಿನ ಹುಡುಗಿಗೆ ಹುಟ್ಟಿದಾಗಿನಿಂದ ಕಾಲಿನಲ್ಲಿ ಬಲವಿಲ್ಲ. ಪೇಟೆಯಲ್ಲಿ ಕಾರ್ಯಕ್ರಮ ಮಾಡಿ ಅವಳ ಅಪ್ಪನ ಕೈಗೆ ಗಾಲಿಕುರ್ಚಿ ಕೊಟ್ಟು, ಫೋಟೋ ತೆಗೆಸಿ ಕಳಿಸಿದ್ದರು. ನಾನು ಹೋದಾಗ ಅದರ ಮೇಲೆ ಬೆಕ್ಕು ಮಲಗಿತ್ತು! "ಯಾಕಮ್ಮಾ ಹೀಗೆ?" ಅಂದೆ. ಅವಳಮ್ಮ ಅಂಗಳದ ಆಚೆ ಕೈ ತೋರಿಸಿದರು. ಹಳ್ಳ. ಅದರ ಮೇಲೆ ಎರಡು ಅಡಿಕೆ ಮರ ಉರುಳಿಸಿದ ಕಾಲುಸಂಕ. ಮಳೆಯಲ್ಲಿ ನಾನೇ ಅದನ್ನು ಕೂತು ತೆವಳಿಕೊಂಡು ದಾಟಿದ್ದೆ. ಕುರ್ಚಿ ಹೋಗುತ್ತದೆಯೇ?

ಆ ಊರಿನ ವಿಆರ್‌ಡಬ್ಲ್ಯು ಒಬ್ಬ ಹಠಮಾರಿ ಹೆಂಗಸು. ಗ್ರಾಮಸಭೆಯಲ್ಲಿ ಸಂಕ ಬೇಕು ಅಂದರು. "ಒಂದು ಮನೆಗೆ ಸಂಕವಾ?" ಅಂತ ಯಾರೋ ಗೊಣಗಿದರು. ಮುಂದಿನ ಸಭೆಯಲ್ಲೂ ಈಕೆಯದು ಅದೇ ಮಾತು. ಅದರ ಮುಂದಿನದರಲ್ಲೂ. ಕೊನೆಗೆ ಒಂದು ಬೇಸಿಗೆಯಲ್ಲಿ ಸಿಮೆಂಟಿನ ಸಂಕ ಆಯಿತು. ಈಗ ಆ ಹುಡುಗಿ ಕೊಯ್ಲಿನ ಕಾಲದಲ್ಲಿ ಪಕ್ಕದ ಮನೆಗೆ ಅಡಿಕೆ ಸುಲಿಯಲು ಹೋಗುತ್ತಾಳೆ. ಅವಳು ಸುಲಿದದ್ದು ಎಷ್ಟು ಡಬ್ಬ ಅಂತ ಕೇಳಿ ನೋಡಿ, ಉಳಿದವರು ಮಾತು ತಿರುಗಿಸುತ್ತಾರೆ. ಊರ ಸುದ್ದಿಯೆಲ್ಲ ಅವಳಮ್ಮನಿಗೆ ಈಗ ಅವಳಿಂದಲೇ ಗೊತ್ತಾಗುವುದು.

ಕತೆಯಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಪಂಚಾಯ್ತಿ ತನ್ನ ಸ್ವಂತ ವರಮಾನದಲ್ಲಿ ನೂರಕ್ಕೆ 5 ರೂಪಾಯಿ ಅಂಗವಿಕಲರಿಗೆ ಎತ್ತಿಡಬೇಕು. ಅದು ಎಲ್ಲಿ ಖರ್ಚಾಯಿತು ಅಂತ ಗ್ರಾಮಸಭೆಯಲ್ಲಿ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕಾಲು, ಕಣ್ಣು ಮಾತ್ರವಲ್ಲ, ಬುದ್ಧಿಮಾಂದ್ಯರು, ಮಾನಸಿಕ ಕಾಯಿಲೆಯವರು, ಕುಷ್ಠ ವಾಸಿಯಾದವರು ಎಲ್ಲರೂ ಸೇರುತ್ತಾರೆ. ವೈದ್ಯರು ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದುಕೊಟ್ಟರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಬೇಕಿದ್ದರೂ ವಿಆರ್‌ಡಬ್ಲ್ಯುಗೆ ಹೇಳಿ.

"ನಮ್ಮ ಮನೆ ವಿಷಯ ಊರಿಗೆಲ್ಲ ಯಾಕೆ?" ಅಂತೀರಿ. ಅಕ್ಕನ ಮದುವೆ ತಪ್ಪುತ್ತದೆ ಅಂತ ತಂಗಿಯನ್ನು ಒಳಕೋಣೆಯಲ್ಲಿ ಇಟ್ಟವರನ್ನೂ ಕಂಡಿದ್ದೇನೆ. ಸಿಟ್ಟು ಬರುತ್ತದೆ, ಕ್ಷಮಿಸಿ. ನಾಳೆ ರೇಷನ್ ತರಲು ಹೋದಾಗ ಹಾಗೇ ಪಂಚಾಯ್ತಿ ಕಚೇರಿಗೆ ಹೋಗಿ ಹೆಸರು ಬರೆಸಿ. ಅಲ್ಲಿ ಬರೀ ಮೆಟ್ಟಿಲಿದ್ದು ರ‍್ಯಾಂಪ್ ಇಲ್ಲದಿದ್ದರೆ ಅದನ್ನೂ ಅಲ್ಲೇ ಕೇಳಿ ಬನ್ನಿ. ನಮಸ್ಕಾರ.