ಮರದ ಮಾಡಿಗೆ ಅಗಲದ ವಾಷರ್

ಶ್ರೋತೃಗಳಿಗೆ ನಮಸ್ಕಾರ. ಮಳೆಗಾಲಕ್ಕೆ ಮುನ್ನ ಕೊಟ್ಟಿಗೆಗೋ ಅಡಿಕೆ ಸುಲಿಯುವ ಜಾಗಕ್ಕೋ ಮರದ ಮಾಡು ಕಟ್ಟಿಸಲು ಹೊರಟಿರುವ ಮಲೆನಾಡಿನ ಮನೆಯವರನ್ನು ಎದುರಿಗೆ ಕೂರಿಸಿಕೊಂಡಂತೆ ಈ ಮಾತನ್ನು ಆಡುತ್ತಿದ್ದೇನೆ. ಮತ್ತಿಯೋ ಹೊನ್ನೆಯೋ ಎಂದು ಮರದ ಜಾತಿಯನ್ನು ವಿಚಾರಿಸಿ ಕೊಳ್ಳುವ ನಾವು, ಆ ಮರಗಳನ್ನು ಒಂದಕ್ಕೊಂದು ಹಿಡಿದಿಡುವ ಕಬ್ಬಿಣವನ್ನು ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ತಂದುಬಿಡುತ್ತೇವೆ. ನಾನು ಹೇಳಬೇಕಾದದ್ದು ಒಂದೇ: ಮರಕ್ಕೆ ಬೋಲ್ಟು ಹಾಕುವಾಗ ತಲೆಯ ಕಡೆಗೂ ನಟ್ಟಿನ ಕಡೆಗೂ ಅಗಲವಾದ, ದಪ್ಪನೆಯ ವಾಷರ್, ಅಂದರೆ ನಡುವೆ ತೂತಿರುವ ಕಬ್ಬಿಣದ ಬಿಲ್ಲೆ, ಇರಲೇಬೇಕು.

ನಮ್ಮ ಅಣ್ಣನ ಮನೆಯ ಕೊಟ್ಟಿಗೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ತೋಟದಂಚಿನ ಅಕೇಶಿಯಾ ಮರವನ್ನು ಕಡಿಸಿ, ಕೊಯ್ಸಿ, ಹದಿನೈದು ದಿನ ಕಳೆಯುವುದರೊಳಗೆ ಹಸಿಹಸಿಯಾಗಿಯೇ ಮೇಲೇರಿಸಿದ್ದರು. ಇಳಿಜಾರಿನ ಮರ ಬಂದು ಅಡ್ಡತೊಲೆಯನ್ನು ಸೇರುವ ಮೂಲೆಗಳಿಗೆಲ್ಲ 12 ಮಿಲಿಮೀಟರಿನ ಬೋಲ್ಟು ಹಾಕಿ, ನಟ್ಟನ್ನು ನೇರವಾಗಿ ಮರಕ್ಕೇ ಬಿಗಿದಿದ್ದರು. ಮರುವರ್ಷ ಬೇಸಿಗೆಯಲ್ಲಿ ಹೆಂಚಿನ ಸಾಲು ಬಾಗಿದೆಯೆಂದು ಅಣ್ಣ ಕರೆದಾಗ ನಾನು ಏಣಿ ಹತ್ತಿ ನೋಡಿದೆ. ಸ್ಪ್ಯಾನರ್ ಬೇಕಾಗಲಿಲ್ಲ, ನಟ್ಟು ಎರಡು ಬೆರಳಿಗೇ ತಿರುಗಿತು. ರೊಟ್ಟಿಯ ಹಿಟ್ಟಿಗೆ ಹೆಬ್ಬೆರಳು ಒತ್ತಿದಂತೆ ಅದು ಮರದೊಳಗೆ ಕುಳಿಬಿದ್ದು ಕೂತಿತ್ತು. ತೂತಿನಿಂದ ತೊಲೆಯ ತುದಿಯವರೆಗೆ, ನಾಣ್ಯದ ಅಂಚು ಹೋಗುವಷ್ಟು ಅಗಲದ ಸೀಳು ಬಿಟ್ಟಿತ್ತು. ಕೆಳಗೆ ನಾಲ್ಕು ಹಸುಗಳು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿದ್ದವು. ಅಂದೇ ಕಂಬ ಕೊಟ್ಟು ಮಾಡನ್ನು ಎತ್ತಿ ಹಿಡಿದೆವು. ಸೀಳಿದ ತೊಲೆಯನ್ನು ಬದಲಿಸಿ, ಎರಡಂಗುಲ ಚೌಕದ, 6 ಮಿಲಿಮೀಟರ್ ದಪ್ಪದ ಕಬ್ಬಿಣದ ತುಂಡುಗಳಿಗೆ ಕಮ್ಮಾರಸಾಲೆಯಲ್ಲಿ ತೂತು ಹಾಕಿಸಿ ತಂದು ಪ್ರತಿ ಬೋಲ್ಟಿಗೂ ಎರಡರಂತೆ ಕೂರಿಸಿದೆವು.

ಕಾರಣ ಸರಳವಾಗಿದೆ. ಹಸಿ ಮರ ಒಣಗುವಾಗ ಉದ್ದದಲ್ಲಿ ಅಷ್ಟಾಗಿ ಕುಗ್ಗುವುದಿಲ್ಲ, ದಪ್ಪದಲ್ಲಿ ಕುಗ್ಗುತ್ತದೆ. ಬೋಲ್ಟು ಇದ್ದಷ್ಟೇ ಇರುತ್ತದೆ, ಹಿಡಿತ ಸಡಿಲವಾಗುತ್ತದೆ. ಮೇಲಾಗಿ ನಾರಿಗೆ ಅಡ್ಡವಾಗಿ ಒತ್ತಿದರೆ ಮರ ಬೇಗ ನಲುಗುತ್ತದೆ. 12 ಮಿಲಿಮೀಟರ್ ಬೋಲ್ಟಿನ ನಟ್ಟು ಒತ್ತುವ ಜಾಗಕ್ಕಿಂತ ಎರಡಂಗುಲ ಚೌಕದ ವಾಷರ್ ಒತ್ತುವ ಜಾಗ ಹತ್ತು ಪಟ್ಟಿಗೂ ಹೆಚ್ಚು. ಬೋಲ್ಟಿನ ದಪ್ಪದ ಮೂರು ಪಟ್ಟಿಗಿಂತ ಕಡಿಮೆ ಅಗಲದ ವಾಷರನ್ನು ಮರಕ್ಕೆ ಹಾಕಲೇಬೇಡಿ. ಯಂತ್ರಗಳಿಗೆ ಹಾಕುವ ತೆಳ್ಳನೆಯ ಬಿಲ್ಲೆ ಮರದ ಮೇಲೆ ಬಾಗಿಹೋಗುತ್ತದೆ; ಇದನ್ನು ಎಷ್ಟು ಸಲ ಹೇಳಿದರೂ ಕೆಲಸದ ಜಾಗದಲ್ಲಿ ಮತ್ತೆ ಅದೇ ಬಿಲ್ಲೆ ಕಾಣಸಿಗುವುದು ನನಗೆ ಬೇಸರ ತರಿಸುತ್ತದೆ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಆ ಸೀಳಿಗೆ ಇನ್ನೊಂದು ಕಾರಣವೂ ಇತ್ತು. ತೂತು ತೊಲೆಯ ತುದಿಯಿಂದ ಎರಡೇ ಅಂಗುಲ ದೂರದಲ್ಲಿತ್ತು. ಬೋಲ್ಟಿನ ದಪ್ಪದ ಏಳು ಪಟ್ಟು, ಅಂದರೆ 12 ಮಿಲಿಮೀಟರಿನ ಬೋಲ್ಟಿಗೆ ಮೂರೂವರೆ ಅಂಗುಲದಷ್ಟಾದರೂ ಮರ ಬಿಟ್ಟು ತೂತು ಹಾಕಬೇಕು. ಗಟ್ಟಿ ಮರಕ್ಕೆ ಮೊಳೆ ಹೊಡೆಯುವ ಮೊದಲು ಮೊಳೆಗಿಂತ ತುಸು ಸಣ್ಣ ತೂತು ಕೊರೆಯಬೇಕು. ಕರಾವಳಿಯವರು ಥಳಥಳ ಹೊಳೆಯುವ ತೆಳುಲೇಪದ ಬೋಲ್ಟನ್ನು ನಂಬದೆ, ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಬೂದುಬಣ್ಣದ್ದನ್ನೇ ಕೇಳಿ ತರಬೇಕು. ವಾಷರ್ ಕೂಡ ಅಂಥದ್ದೇ ಇರಬೇಕು. ಹಸಿ ಮರ ಹಾಕಿದ್ದರೆ ಮೊದಲ ಬೇಸಿಗೆಯಲ್ಲಿ ಏಣಿ ಹತ್ತಿ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿಯಿರಿ.

ಈ ವರ್ಷ ಮಾಡು ಕಟ್ಟಿಸುವವರು ಸಾಮಾನಿನ ಚೀಟಿಯಲ್ಲಿ ಬೋಲ್ಟು ಎಷ್ಟೆಂದು ಬರೆದ ಮೇಲೆ, ಅದರ ಕೆಳಗೇ ಎರಡರಷ್ಟು ಚೌಕ ವಾಷರ್ ಎಂದು ಬರೆದುಕೊಳ್ಳಿ. ನಮಸ್ಕಾರ.